ಎವರಿಸ್ತೊನ ಮತ, ಅನ್ಸೆಲ್ಮೊನ ಕೈ

ನಮ್ಮ ಸಲೀನಾಸಿನ ಕಡಲ ಕೇರಿಯಲ್ಲಿ ಎವರಿಸ್ತೊನಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಇನ್ನೊಬ್ಬನಿಲ್ಲ. ಬೈಗುಳವೆಂದು ತಿಳಿಯಬೇಡಿ. ಕೆಲವರಿಗೆ ಹಾಡುವ ಕಂಠ ಹುಟ್ಟಿನಿಂದ ಬಂದಿರುತ್ತದೆ, ಕೆಲವರಿಗೆ ಲೆಕ್ಕದ ತಲೆ. ಇವನಿಗೆ ಬಂದದ್ದು ಹೊಟ್ಟೆಕಿಚ್ಚು, ಅದನ್ನು ಅವನು ಒಂದು ದಿನವೂ ಉಪವಾಸ ಕೆಡವದೆ ಸಾಕಿಕೊಂಡು ಬಂದ. ಪಕ್ಕದ ಮನೆಯ ಮಾವು ತನ್ನ ಮನೆಯ ಮಾವಿಗಿಂತ ಒಂದು ವಾರ ಮೊದಲು ಹಣ್ಣಾದರೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಆ ಪಕ್ಕದ ಮನೆ ನನ್ನದು, ಮಾವೂ ನನ್ನದು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ನನ್ನ ಹೆಸರು ಪ್ರೋವಿ. ಶಾಲೆಯ ಅಡುಗೆಮನೆಯಲ್ಲಿ ಊರಿನ ಅರ್ಧ ಮಕ್ಕಳಿಗೆ ಬಡಿಸಿ ಈಗ ಮನೆಯಲ್ಲಿ ಕೂತಿದ್ದೇನೆ.

ಎವರಿಸ್ತೊ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಸಲೀನಾಸಿನ ಚೌಕದಿಂದ ಪೋನ್ಸೆ ಪಟ್ಟಣಕ್ಕೆ, ಅಲ್ಲಿಂದ ವಾಪಸ್ಸು. ಸೀಟು ತುಂಬುವವರೆಗೆ ವ್ಯಾನು ಕದಲುತ್ತಿರಲಿಲ್ಲ, ತುಂಬಿದ ಮೇಲೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟ ಬಸುರಿಯಿರಲಿ, ಕೋರ್ಟಿಗೆ ಹೊರಟ ಕಕ್ಷಿದಾರನಿರಲಿ, ಎಲ್ಲರಿಗೂ ದಾರಿಯುದ್ದಕ್ಕೂ ಒಂದೇ ಪಾಠ. ನಮ್ಮ ಪ್ವೆರ್ತೊ ರೀಕೊ ದ್ವೀಪ ಅಮೆರಿಕದ ಪೂರ್ತಿ ರಾಜ್ಯವಾಗಬೇಕು ಎನ್ನುವ ಪಾಠ.

"ಪಾಸ್‌ಪೋರ್ಟು ಅವರದ್ದೇ, ದುಡ್ಡು ಅವರದ್ದೇ, ಯುದ್ಧ ಬಂದ್ರೆ ಹೋಗೋದು ಅವರ ಪರವಾಗೇ," ಎನ್ನುತ್ತಿದ್ದ ಸ್ಟೀರಿಂಗ್ ಬಿಟ್ಟು ಕೈ ಎತ್ತಿ. "ವಾಷಿಂಗ್ಟನ್ನಿಗೆ ಒಬ್ಬನ್ನ ಆರಿಸಿ ಕಳಿಸ್ತೀವಿ. ಅಲ್ಲಿ ಅವನು ಮಾತಾಡ್ಬಹುದು, ಆದ್ರೆ ಕಾನೂನು ಪಾಸು ಮಾಡೋವಾಗ ಕೈ ಎತ್ತೋ ಹಾಗಿಲ್ಲ. ಅಧ್ಯಕ್ಷರನ್ನ ಆರಿಸೋಕೆ ನಮಗೆ ಓಟಿಲ್ಲ. ಮದುವೆಗೆ ಕರೆದು ಊಟಕ್ಕೆ ಕೂರಿಸ್ದೇ ಕಳಿಸಿದ್ರೆ ನೀವು ಸುಮ್ನೆ ಇರ್ತೀರಾ?"

"ಇರಲ್ಲಪ್ಪ. ನೀನು ರಸ್ತೆ ನೋಡು," ಎನ್ನುತ್ತಿದ್ದರು ಹಿಂದಿನ ಸೀಟಿನವರು.

ಈ ಕಿಚ್ಚು ಅವನಿಗೆ ಹೊತ್ತಿಕೊಂಡದ್ದು ವಿಯೆಟ್ನಾಮಿನಲ್ಲಿ. ಹರೆಯದಲ್ಲಿ ಸೇನೆಯ ಕರೆ ಬಂತು, ಹೋದ. ಆ ವರ್ಷವೇ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಒಂದು ಬೆಳಿಗ್ಗೆ ಡೇರೆಯ ಮುಂದೆ ಸಾರ್ಜೆಂಟು ಅಂಚೆಚೀಲ ಬಿಚ್ಚಿ ಹೆಸರು ಕೂಗಿ ಕೂಗಿ ಮತಪತ್ರ ಹಂಚಿದನಂತೆ. ಇವನ ಬಲಕ್ಕೆ ಮಲಗುತ್ತಿದ್ದ ಒಹಾಯೊದ ಹುಡುಗನಿಗೆ ಬಂತು, ಎಡಕ್ಕೆ ಮಲಗುತ್ತಿದ್ದ ಟೆಕ್ಸಾಸಿನವನಿಗೆ ಬಂತು. ಇವನ ಹೆಸರನ್ನು ಯಾರೂ ಕೂಗಲಿಲ್ಲ. ಇವನಿಗೆ ಅದಕ್ಕಿಂತ ಹೊಟ್ಟೆ ಉರಿದದ್ದು ಆಮೇಲೆ. ಒಹಾಯೊದ ಹುಡುಗ ಆ ಮತಪತ್ರವನ್ನು ಬಿಚ್ಚಿಯೂ ನೋಡದೆ ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡ.

"ಲೋಟ ಇಟ್ಟ, ಪ್ರೋವಿ! ಮತಪತ್ರದ ಮೇಲೆ ಲೋಟ!" ಎಂದು ನನಗೆ ಎಷ್ಟು ಸಲ ಹೇಳಿದ್ದಾನೋ. ಐವತ್ತು ವರ್ಷ ಕಳೆದ ಮೇಲೂ ಅದನ್ನು ಹೇಳುವಾಗ ಅವನ ಕಿವಿ ಕೆಂಪಾಗುತ್ತಿತ್ತು. ಅವನು ಎಡಗೈಯ ಮೂರು ಬೆರಳು ಅಲ್ಲೇ ಬಿಟ್ಟು ಊರಿಗೆ ಬಂದ. ಬೆರಳಿನ ವಿಷಯ ಒಂದು ದಿನವೂ ಎತ್ತಿದವನಲ್ಲ.

ಅವನು ಅಲ್ಲಿದ್ದಾಗಲೇ ಇಲ್ಲಿ ಎರಡನೆಯ ಕಿಚ್ಚಿಗೂ ಕಡ್ಡಿ ಗೀರಿಯಾಗಿತ್ತು. ಸೊರಾಯ್ದಾ ಅವನಿಗಾಗಿ ಕಾದಿದ್ದ ಹುಡುಗಿ. ಕಾದಿದ್ದಳು, ನಿಜ. ಆದರೆ ಊರ ಹಬ್ಬದ ಕುಣಿತದಲ್ಲಿ ಅನ್ಸೆಲ್ಮೊ ಅವಳ ಜೊತೆ ಹೆಜ್ಜೆ ಹಾಕಿದ್ದ, ಆಮೇಲೆ ಅವಳಪ್ಪನ ಮುಂದೆ ಟೋಪಿ ತೆಗೆದು ನಿಂತು ಹೆಣ್ಣು ಕೇಳಿದ್ದ. ಸೊರಾಯ್ದಾ ಒಲ್ಲೆ ಎಂದಳು. ಎವರಿಸ್ತೊ ವಾಪಸ್ಸು ಬಂದ, ಮದುವೆಯಾಯಿತು, ಮಕ್ಕಳಾದವು. ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಅನ್ಸೆಲ್ಮೊ ಬೇರೆ ಯಾರನ್ನೂ ಕಟ್ಟಿಕೊಳ್ಳಲಿಲ್ಲ. ಚೌಕದಲ್ಲಿ ಹಾರ್ಡ್‌ವೇರ್ ಅಂಗಡಿ, ಮೈಮೇಲೆ ಇಸ್ತ್ರಿ ಮುರಿಯದ ಅಂಗಿ, ಹತ್ತು ಹೆಜ್ಜೆ ಮೊದಲೇ ಬರುವ ಸೆಂಟಿನ ಪರಿಮಳ, ಯಾವ ಹೆಂಗಸು ಎದುರಾದರೂ ದಾರಿ ಬಿಟ್ಟು ನಿಲ್ಲುವ ನಡವಳಿಕೆ. ಅಂಥವನು ಒಂಟಿಯಾಗಿ ಉಳಿದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? "ಸೊರಾಯ್ದಾಳನ್ನು ಮರೆತಿಲ್ಲ" ಎಂದಿತು ಊರು. ಎವರಿಸ್ತೊನಿಗೆ ಅಷ್ಟು ಸಾಕಾಯಿತು. ನನಗೂ ಸಾಕಾಗಿತ್ತು, ಹೇಳಿಬಿಡುತ್ತೇನೆ. ಆ ಮನುಷ್ಯ ಸ್ವಲ್ಪ ಕತ್ತು ತಿರುಗಿಸಿದ್ದರೆ ನಾನು ಕಾಣುತ್ತಿದ್ದೆ. ತಿರುಗಿಸಲಿಲ್ಲ. ನಾನೂ ಒಂಟಿಯಾಗಿಯೇ ಉಳಿದೆ. ನನ್ನ ಬಗ್ಗೆ ಮಾತ್ರ ಊರು ಏನೂ ಅನ್ನಲಿಲ್ಲ, ಅದೂ ನನಗೆ ಉರಿಯೇ.

ನಮ್ಮಲ್ಲಿ ಮಕ್ಕಳು ಬಣ್ಣ ಹೊತ್ತುಕೊಂಡೇ ಹುಟ್ಟುತ್ತವೆ. ಅಮೆರಿಕದ ರಾಜ್ಯವಾಗೋಣ ಎನ್ನುವವರು ನೀಲಿ, ಈಗ ಹೇಗಿದ್ದೇವೋ ಹಾಗೇ ಇರೋಣ ಎನ್ನುವವರು ಕೆಂಪು, ಯಾರ ಹಂಗೂ ಬೇಡ, ಸ್ವತಂತ್ರ ದೇಶವಾಗೋಣ ಎನ್ನುವವರು ಹಸಿರು. ಎವರಿಸ್ತೊ ನೀಲಿ. ಅನ್ಸೆಲ್ಮೊನೂ ನೀಲಿ, ಅದೂ ಕೇರಿಯ ನೀಲಿಯವರಿಗೆಲ್ಲ ಮುಖಂಡ. ಸೊರಾಯ್ದಾ ಕೆಂಪು, ಅವಳ ಅಪ್ಪ, ಅಜ್ಜ, ಅವರ ಮನೆ ನಾಯಿಯ ಕೊರಳಪಟ್ಟಿ ಕೂಡ ಕೆಂಪು. ನಾನು ಹಸಿರು. ಊರಿನ ಹಸಿರಿನವರೆಲ್ಲ ಎವರಿಸ್ತೊನ ವ್ಯಾನಿನಲ್ಲಿ ಹಿಡಿಯುತ್ತೇವೆ, ಇನ್ನೂ ಇಬ್ಬರಿಗೆ ಜಾಗ ಉಳಿಯುತ್ತದೆ.

ಚುನಾವಣೆಯ ದಿನ ಶಾಲೆಯ ಒಂದೊಂದು ಕೋಣೆಯಲ್ಲೂ ಒಂದೊಂದು ಮೇಜು, ಮೇಜಿಗೆ ಬಣ್ಣಕ್ಕೊಬ್ಬರಂತೆ ಮೂವರು. ಒಬ್ಬರನ್ನೊಬ್ಬರು ಕಾಯುವುದಕ್ಕೇ ಕೂರಿಸಿದ ಮೂವರು. ನಮ್ಮ ಕೋಣೆಯಲ್ಲಿ ನೀಲಿಗೆ ಅನ್ಸೆಲ್ಮೊ, ಕೆಂಪಿಗೆ ಸೊರಾಯ್ದಾ, ಹಸಿರಿಗೆ ನಾನು. ಬೆಳಕು ಹರಿಯುವ ಮೊದಲು ಬಾಗಿಲೊಳಗೆ ಹೋದರೆ ಮತ ಎಣಿಸಿ ಮುಗಿಯುವವರೆಗೆ ಹೊರಗೆ ಬರುವ ಹಾಗಿಲ್ಲ. ಎವರಿಸ್ತೊನಿಗೆ ಪಕ್ಷ ಕೊಟ್ಟ ಕೆಲಸ ನಡೆಯಲಾಗದ ಮುದುಕರನ್ನು ವ್ಯಾನಿನಲ್ಲಿ ತಂದು ಇಳಿಸುವುದು. ಒಂದೊಂದು ಸಲ ಇಳಿಸಿದಾಗಲೂ ಅವನು ನಮ್ಮ ಕೋಣೆಯ ಕಿಟಕಿಗೆ ಮುಖ ಒತ್ತಿ ಒಳಗೆ ನೋಡುತ್ತಿದ್ದ.

"ಏನಯ್ಯಾ, ಹೊಗೆ ಗಿಗೆ ಕಾಣ್ತಿದೆಯಾ?" ಎಂದು ನಾನು ಕೂಗುತ್ತಿದ್ದೆ.

"ನಿನ್ನ ಮುಖ ಕಾಣ್ತಿದೆ, ಅದೇ ಸಾಕು," ಎಂದು ಹೋಗುತ್ತಿದ್ದ.

ಅಲ್ಲಿ ಏನು ನಡೆಯುತ್ತಿತ್ತು ಎಂದು ಕಂಡವಳು ನಾನು, ಆದ್ದರಿಂದ ಹೇಳಬಲ್ಲೆ. ಊಟ ನಡೆಯುತ್ತಿತ್ತು. ಸೊರಾಯ್ದಾ ಮನೆಯಿಂದ ಪಾಸ್ತೆಲೆ ತರುತ್ತಿದ್ದಳು. ಹಸಿ ಬಾಳೆಕಾಯಿ ತುರಿದು, ನಡುವೆ ಹಂದಿಮಾಂಸ ತುಂಬಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ್ದು. ನಾನೂ ತರುತ್ತಿದ್ದೆ. ಅನ್ಸೆಲ್ಮೊ ಅವಳದ್ದನ್ನು ಬಿಚ್ಚಿ, ಎಲೆಯ ಅಂಚು ಮಡಿಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದ. ನನ್ನದನ್ನು "ಮನೆಗೆ ಒಯ್ತೀನಿ, ದೋನ್ಯ ಪ್ರೋವಿ" ಎಂದು ಅಮ್ಮಾವ್ರೇ ಎನ್ನುವ ಮರ್ಯಾದೆಯಲ್ಲಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಅಷ್ಟೇ ಆ ಕೋಣೆಯ ಪಾಪ. ಮನೆಯಲ್ಲಿ ಎವರಿಸ್ತೊ ಖಾಲಿ ಡಬ್ಬಿ ಬಿಚ್ಚಿ ಮೂಸಿ ನೋಡಿ, "ಒಂದೂ ಉಳಿದಿಲ್ಲ. ಯಾರು ತಿಂದ್ರು?" ಎಂದು ಕೇಳುವುದು ನಮ್ಮ ಮನೆಗೆ ಕೇಳಿಸುತ್ತಿತ್ತು.

"ಪಕ್ಷದೋರು ತಿಂದ್ರು," ಎನ್ನುತ್ತಿದ್ದಳು ಸೊರಾಯ್ದಾ.

"ಯಾವ ಪಕ್ಷದೋರು?"

"ನಿನ್ನ ಪಕ್ಷದೋರೇ ಮುದ್ಕಾ. ಸಂತೋಷಪಡು."

ಹಾಗಂತ ಅವರದ್ದು ಒಡೆದ ಮನೆಯಲ್ಲ. ಗಂಡ ಹೆಂಡತಿ ಬೆಳಗಿನ ಕಾಫಿಗೆ ಕೂತರೆ ಸಕ್ಕರೆ ಕರಗುವ ಮೊದಲೇ ಜಗಳ ಶುರು, ಮತ್ತು ಆ ಜಗಳ ಕೇಳಲು ನನಗೆ ಬಲು ಆಸೆ. ಅವನು, "ರಾಜ್ಯ ಆಗಿದ್ರೆ ಚಂಡಮಾರುತ ಬಂದಾಗ ಆರಾರು ತಿಂಗಳು ಕತ್ತಲಲ್ಲಿ ಕೊಳೀತಿದ್ವಾ?" ಎಂದರೆ ಅವಳು, "ಈಗ ಒಲಿಂಪಿಕ್ಸಲ್ಲಿ ನಮಗೆ ನಮ್ಮದೇ ಬಾವುಟ ಇದೆ. ರಾಜ್ಯ ಆದ್ರೆ ನಮ್ಮ ಹುಡುಗೀರು ಯಾವ ಬಾವುಟ ಹಿಡ್ಕೊಂಡು ಹೋಗ್ತಾರೆ, ನಿನ್ನ ಹರಕು ಕರವಸ್ತ್ರಾನಾ?" ಎನ್ನುತ್ತಿದ್ದಳು. ರಾಜ್ಯವಾದರೆ ವಾಷಿಂಗ್ಟನ್ನಿನಲ್ಲಿ ಸಿಗುವ ಸೆನೆಟರುಗಳ ಲೆಕ್ಕ ಅವನು ಹೇಳಿದರೆ, ಆಗ ಕಟ್ಟಬೇಕಾಗುವ ತೆರಿಗೆಯ ಲೆಕ್ಕ ಅವಳು ಹೇಳುತ್ತಿದ್ದಳು. ಅವನು ಮೇಜು ಕುಟ್ಟುವನು, ಅವಳು ನಗುವಳು, ಆ ನಗುವಿಗೆ ಇವನು ಇನ್ನೂ ಉರಿದುಬೀಳುವನು, ಕೊನೆಗೆ ಅವಳು ಅವನ ತಲೆಗೊಂದು ಮೊಟಕಿ ಮುತ್ತಿಡುವಳು. ಗೋಡೆಯಾಚೆ ಕೂತ ನಾನು ನನ್ನ ಕಾಫಿಯನ್ನು ಒಬ್ಬಳೇ ಕುಡಿಯುತ್ತ ಅಂದುಕೊಳ್ಳುತ್ತಿದ್ದೆ: ಹೀಗೆ ಜಗಳವಾಡಲು ನನಗೆ ಒಬ್ಬ ಸಿಗಲಿಲ್ಲವಲ್ಲ.

ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಆ ವರ್ಷ ಎವರಿಸ್ತೊನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ನಾಲಿಗೆ ಉಳಿಯಿತು, ಅದು ಹೋಗಿದ್ದರೆ ಮನುಷ್ಯ ಮೊದಲೇ ಸತ್ತಿರುತ್ತಿದ್ದ. ಬೀದಿಗೆ ತೆರೆದ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು ಮಲಗಿದ.

ಆ ವರ್ಷದ ಚುನಾವಣೆಯ ಜೊತೆಗೇ ರಾಜ್ಯದ ಪ್ರಶ್ನೆಯನ್ನೂ ಜನರ ಮುಂದೆ ಇಟ್ಟರು. ಮೊದಲೂ ಇಟ್ಟಿದ್ದರು, ಹಲವು ಸಲ. ಆದರೆ ಪ್ರತಿ ಸಲವೂ ಏನಾದರೊಂದು ಎಡವಟ್ಟು. ಒಮ್ಮೆ ಹಾಳೆಯ ತುಂಬ ವಕೀಲರ ಮಾತು, ಕೊನೆಗೆ "ಮೇಲಿನ ಯಾವುದೂ ಅಲ್ಲ" ಎನ್ನುವುದೇ ಗೆದ್ದಿತು. ಇನ್ನೊಮ್ಮೆ ಕೆಂಪಿನವರೂ ಹಸಿರಿನವರೂ ಮನೆಯಲ್ಲೇ ಕೂತೆವು, ನೀಲಿಯವರು ತಮಗೆ ತಾವೇ ಮತ ಹಾಕಿಕೊಂಡು ಗೆದ್ದೆವೆಂದರು, ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈ ಸಲ ಹಾಗಲ್ಲ. ಒಂದೇ ಪ್ರಶ್ನೆ: ದ್ವೀಪವನ್ನು ರಾಜ್ಯವಾಗಿ ಸೇರಿಸಿಕೊಳ್ಳಬೇಕೆ? ಹೌದು, ಇಲ್ಲ. ಎರಡು ಚೌಕ.

"ಇದು ನನ್ನ ಕೊನೇ ಓಟು ಪ್ರೋವಿ," ಎಂದ ನನಗೆ. "ಅಧ್ಯಕ್ಷರಿಗೆ ಓಟು ಹಾಕೋ ಭಾಗ್ಯ ನನಗಿಲ್ಲ. ಈ 'ಹೌದು' ಒಂದು ಹಾಕಿಬಿಟ್ರೆ ಮೊಮ್ಮಕ್ಕಳಾದ್ರೂ ಹಾಕ್ತಾರೆ."

"ನಾನು 'ಇಲ್ಲ' ಹಾಕಿ ನಿನ್ನದನ್ನ ಅಳಿಸ್ತೀನಿ," ಎಂದೆ.

"ನನ್ನದನ್ನ ನನ್ನ ಹೆಂಡತಿ ಮೊದಲೇ ಅಳಿಸಿರ್ತಾಳೆ, ನಿನಗೆ ಸರದಿ ಬರಲ್ಲ," ಎಂದು ನಕ್ಕ. ಆದರೆ ಕಣ್ಣು ನಗುತ್ತಿರಲಿಲ್ಲ. ಈ ಒಂದು ಗೀಟಿಗಾಗಿ ಅವನು ಜೀವ ಹಿಡಿದುಕೊಂಡಿದ್ದಾನೆ ಎಂದು ನನಗೆ ಆವತ್ತೇ ಗೊತ್ತಾಯಿತು.

ಹಾಸಿಗೆ ಹಿಡಿದವರ ಮನೆಗೆ ಮತಪೆಟ್ಟಿಗೆಯೇ ನಡೆದು ಬರುತ್ತದೆ. ಚುನಾವಣೆಗೆ ಮುಂಚೆಯೇ ಮೂರು ಬಣ್ಣದವರು ಒಟ್ಟಿಗೆ ಕೇರಿ ಕೇರಿ ಸುತ್ತಿ ಮತ ತರಬೇಕು. ಹಸಿರಿಗೆ ನಾನು, ನೀಲಿಗೆ ಅನ್ಸೆಲ್ಮೊ. ಸೊರಾಯ್ದಾಳ ಸ್ವಂತ ಗಂಡನ ಮತವಾದ್ದರಿಂದ ಕೆಂಪಿನವರು ಅವಳ ಬದಲು ಕೂದಲು ಕತ್ತರಿಸುವ ಅಂಗಡಿಯ ಮಿಗ್ದಾಲಿಯಾಳನ್ನು ಕಳಿಸಿದರು. ಐವತ್ತು ವರ್ಷದಲ್ಲಿ ಅನ್ಸೆಲ್ಮೊ ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ಬಾಯಿಗೆ ಬಟ್ಟೆ ಕಟ್ಟಿದ್ದರೂ ಸೆಂಟಿಗೆ ಯಾರು ಬಟ್ಟೆ ಕಟ್ಟುತ್ತಾರೆ? ನಾವು ಬಾಗಿಲಲ್ಲಿ ಇರುವಾಗಲೇ ಒಳಗಿಂದ ಎವರಿಸ್ತೊ ಕೂಗಿದ. "ಅವನೂ ಬಂದಿದಾನಾ? ನನ್ನ ಮನೇಗಾ?"

"ಬಂದಿದೀನಿ ಕಣಯ್ಯಾ, ಪಕ್ಷದ ಕೆಲಸಕ್ಕೆ," ಎಂದ ಅನ್ಸೆಲ್ಮೊ.

"ಪಕ್ಷಕ್ಕೆ ಬೇರೆ ಗಂಡಸು ಸಿಗ್ಲಿಲ್ವಾ?"

"ಸಿಕ್ಕಿದ್ರು. ಅವರು ನಿನ್ನ ಬಾಯಿಗೆ ಹೆದರಿದ್ರು."

ಸೊರಾಯ್ದಾ ಮಂಚದ ಪಕ್ಕ ಕುರ್ಚಿ ಸರಿಸಿ ಕೊಟ್ಟಳು. ಅನ್ಸೆಲ್ಮೊ "ಬೇಡ, ಸೊರಾಯ್ದಾ, ನಿಂತಿರ್ತೀನಿ" ಎಂದ. ಅವಳ ಹೆಸರು ಅವನ ಬಾಯಿಂದ ಬಂದದ್ದೇ ತಡ, ಎವರಿಸ್ತೊನ ಮುಖ ಬಿಗಿಯಿತು.

ನಾನು ಅವನ ಎದೆಯ ಮೇಲೆ ಹಲಗೆ ಇಟ್ಟೆ. ಮಿಗ್ದಾಲಿಯಾ ಹಾಳೆ ಇಟ್ಟಳು. ಅನ್ಸೆಲ್ಮೊ ಪೆನ್ನು ಚಾಚಿದ, ಎವರಿಸ್ತೊ ಅದನ್ನು ಅವನ ಕೈಯಿಂದ ಕಿತ್ತುಕೊಂಡ, ಉಳಿದ ಎರಡು ಬೆರಳಿನಲ್ಲಿ. ಆ ಬೆರಳುಗಳಲ್ಲಿ ಅವನು ವ್ಯಾನು ಓಡಿಸಿದ್ದ, ಮಗುವಿಗೆ ಹಾಲಿನ ಬಾಟಲಿ ಹಿಡಿದಿದ್ದ. ಈಗ ಅವೂ ನಡುಗುತ್ತಿದ್ದವು. ನಾವು ಮುಖ ತಿರುಗಿಸಿ ನಿಂತೆವು. ಬಹಳ ಹೊತ್ತಿನ ಮೇಲೆ "ಥೂ" ಎನ್ನುವುದು ಕೇಳಿ ತಿರುಗಿದರೆ, ಗೀಟು 'ಹೌದು' ಚೌಕದಿಂದ ಹೊರಟು ಜಾರಿ 'ಇಲ್ಲ' ಚೌಕದ ಮೇಲೂ ಹಾದು ಹಾಳೆಯ ತುದಿ ಮುಟ್ಟಿತ್ತು.

ಮತ ಕೆಟ್ಟಿತು. ಕೆಟ್ಟ ಹಾಳೆಯ ಬದಲಿಗೆ ಇನ್ನೊಂದು ಕೊಡುತ್ತಾರೆ, ಅದೂ ಕೆಟ್ಟರೆ ಮುಗಿಯಿತು. ಇದು ಎವರಿಸ್ತೊನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

"ನಿಯಮದಲ್ಲಿ ದಾರಿ ಇದೆ," ಎಂದಳು ಮಿಗ್ದಾಲಿಯಾ ಮೆಲ್ಲಗೆ. "ಕೈಲಾಗದೋರು ತಮಗೆ ನಂಬಿಕೆ ಇರೋ ಒಬ್ಬರ ಹೆಸರು ಹೇಳ್ಬಹುದು. ಅವರು ಗೀಟು ಹಾಕ್ತಾರೆ, ಉಳಿದೋರು ನೋಡೋ ಹಾಗಿಲ್ಲ. ಯಾರು ಹಾಕ್ಲಿ, ದೊನ್ ಎವರಿಸ್ತೊ?"

ಕೋಣೆಯಲ್ಲಿ ನಾವು ನಾಲ್ವರು. ಮಿಗ್ದಾಲಿಯಾ ಕೆಂಪು. ನಾನು ಹಸಿರು. ಹೆಂಡತಿ ಕೆಂಪು. ಅವನ ಹಾಗೇ 'ಹೌದು' ಎನ್ನುವವನು ಆ ಕೋಣೆಯಲ್ಲಿ ಒಬ್ಬನೇ ಇದ್ದ.

ಸೊರಾಯ್ದಾ ಒರೆಸುತ್ತಿದ್ದ ಲೋಟ ಕೆಳಗಿಟ್ಟು ಮಂಚದ ಹತ್ತಿರ ಬಂದಳು. "ಕೊಡು ಇಲ್ಲಿ. ನೀನು ಹೇಳಿದ ಕಡೆ ಹಾಕ್ತೀನಿ."

ಎವರಿಸ್ತೊ ಅವಳನ್ನು ನೋಡಿದ. "ನೀನು ನಿನ್ನೆ ತಾನೇ ಏನಂದೆ? ರಾಜ್ಯ ಆದ್ರೆ ಈ ಮನೆ ಬಿಟ್ಟು ಹೋಗ್ತೀನಿ ಅಂದೆ."

"ಜಗಳದಲ್ಲಿ ಸಾವಿರ ಅಂತೀನಿ. ಇದು ಜಗಳ ಅಲ್ಲ."

"ನಿನ್ನ ಅಪ್ಪ ಸಾಯೋವಾಗ ನಿನ್ನ ಕೈಲಿ ಏನು ಮಾತು ತಗೊಂಡಿದ್ದ?"

"ನನ್ನ ಓಟಿನ ಮಾತು ತಗೊಂಡಿದ್ದ. ನಿನ್ನ ಓಟಿನದಲ್ಲ."

ಅವನ ಕಣ್ಣು ಅವಳಿಂದ ಅನ್ಸೆಲ್ಮೊನ ಕಡೆಗೆ, ಅವನಿಂದ ಅವಳ ಕಡೆಗೆ ಓಡಾಡಿತು. ಶಾಲೆಯ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದವನ ಕಣ್ಣುಗಳೇ ಅವು. ಆದರೆ ಈ ಸಲ ಅವನು ಅಳೆಯುತ್ತಿದ್ದದ್ದು ಬೇರೆ. ಅನ್ಸೆಲ್ಮೊನನ್ನು ಅವನು ದ್ವೇಷಿಸುತ್ತಿದ್ದ, ಆದರೆ ಆ ಕೈ ಎಲ್ಲಿ ಗೀಟು ಹಾಕುತ್ತದೆ ಎನ್ನುವುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೆಂಡತಿಯನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ, ಅನುಮಾನ ಇದ್ದದ್ದೆಲ್ಲ ಅವಳ ಕೈಯ ಮೇಲೆಯೇ. ಒಹಾಯೊದವನ ಲೋಟ ಅವನ ಕಣ್ಣ ಮುಂದೆ ಬಂತೋ ಏನೋ, ನಾನು ಹೇಳಲಾರೆ. ಎವರಿಸ್ತೊ ಗೋಡೆಯ ಕಡೆ ಮುಖ ಮಾಡಿ ಹೇಳಿದ.

"ಅನ್ಸೆಲ್ಮೊ ಹಾಕ್ಲಿ."

ಅನ್ಸೆಲ್ಮೊ ಬೆಚ್ಚಿದ. "ನಿನ್ನ ಹೆಂಡತಿ ಹಾಕ್ತೀನಿ ಅಂತಿದಾಳಲ್ಲಯ್ಯಾ."

"ನಿನಗೆ ಹೇಳಿದ್ದು. ಹಾಕು."

ಸೊರಾಯ್ದಾ ಮಂಚದ ಪಕ್ಕದಿಂದ ಹಿಂದೆ ಸರಿದು ಅನ್ಸೆಲ್ಮೊನಿಗೆ ಜಾಗ ಬಿಟ್ಟಳು. ನಾವು ಮೂವರು ಹೆಂಗಸರು ಗೋಡೆಗೆ ಮುಖ ಮಾಡಿ ನಿಂತೆವು. ಹಿಂದಿನಿಂದ ಪೆನ್ನು ಒಮ್ಮೆ ಎಳೆದ ಸದ್ದು, ಅಡ್ಡಕ್ಕೆ ಇನ್ನೊಮ್ಮೆ. ಎವರಿಸ್ತೊ ನೆಮ್ಮದಿಯಾಗಿ ಉಸಿರು ಬಿಟ್ಟ. ಹಾಳೆ ಮಡಿಸಿ ಪೆಟ್ಟಿಗೆಗೆ ಹಾಕಿದ್ದಾಯಿತು. ನನ್ನ ಪಕ್ಕ ನಿಂತಿದ್ದ ಸೊರಾಯ್ದಾಳ ಮುಖವನ್ನು ನಾನು ನೋಡಬಾರದಿತ್ತು, ನೋಡಿದೆ. ಐವತ್ತು ವರ್ಷ ಅವಳ ಗಂಡ ಹೊತ್ತು ಓಡಾಡಿದ ಹೊಟ್ಟೆಕಿಚ್ಚಿನ ಮುಖವೇ ಈಗ ಅವಳಿಗೆ ಬಂದಿತ್ತು.

ಅವಳು ಎಲ್ಲರಿಗೂ ಕಾಫಿ ತಂದಳು. ಅನ್ಸೆಲ್ಮೊನ ಲೋಟವನ್ನು ಅವನ ಕೈಗೇ ಕೊಟ್ಟು, ಗಂಡನಿಗೆ ಕೇಳಿಸುವ ಹಾಗೆ ಹೇಳಿದಳು.

"ಇಷ್ಟು ವರ್ಷ ಇವನು ನಿಮ್ಮ ಜೊತೆ ನನ್ನನ್ನ ಒಂದು ಗಳಿಗೆ ನಂಬ್ಲಿಲ್ಲ, ಅನ್ಸೆಲ್ಮೊ. ಊಟದ ಡಬ್ಬಿ ಮೂಸಿ ನೋಡ್ತಿದ್ದ. ನಾನು ನಗ್ತಿದ್ದೆ. ಪ್ರೀತಿ ಇರೋದಕ್ಕೇ ಉರೀತಾನೆ ಅಂದ್ಕೊಂಡಿದ್ದೆ. ಇವತ್ತು ಅವನಿಗೆ ನಿಜವಾಗ್ಲೂ ಬೇಕಾದ್ದು ಏನು ಅಂತ ಗೊತ್ತಾಯ್ತು. ಅದನ್ನ ನನ್ನ ಕೈಲಿ ಕೊಡ್ಲಿಲ್ಲ, ನಿಮ್ಮ ಕೈಲಿ ಕೊಟ್ಟ."

"ನೀನು 'ಇಲ್ಲ'ಕ್ಕೆ ಹಾಕಿಬಿಟ್ಟಿದ್ರೆ?" ಎಂದ ಎವರಿಸ್ತೊ ಮಂಚದಿಂದ. ದನಿಯಲ್ಲಿ ಮೊದಲ ಸಲ ಹೆದರಿಕೆಯಿತ್ತು.

"'ಹೌದು'ಗೇ ಹಾಕ್ತಿದ್ದೆ. ನನ್ನ ಕೈ ಸುಟ್ಟುಹೋಗಿದ್ರೂ ಹಾಕ್ತಿದ್ದೆ." ಅಷ್ಟು ಹೇಳಿ ಅನ್ಸೆಲ್ಮೊನ ಕಡೆ ತಿರುಗಿದಳು. "ಭಾನುವಾರ ಊಟಕ್ಕೆ ಬನ್ನಿ. ಓಟು ಹಾಕ್ಸೋ ಅಷ್ಟು ನಂಬಿಕೆಯೋರು ಊಟಕ್ಕೆ ಬಂದ್ರೆ ಈ ಮನೇಲಿ ಯಾರೂ ಬೇಡ ಅನ್ನಲ್ಲ."

ನವೆಂಬರಿನಲ್ಲಿ 'ಹೌದು' ಗೆದ್ದಿತು. ಅರ್ಧಕ್ಕಿಂತ ಒಂದಿಷ್ಟು ಹೆಚ್ಚು ಅಷ್ಟೇ, ಆದರೂ ಗೆಲುವು ಗೆಲುವೇ. ನೀಲಿಯವರ ಲಾರಿಗಳು ಧ್ವನಿವರ್ಧಕ ಹೊತ್ತು ಕೇರಿಯ ತೆಂಗಿನಕಾಯಿಗಳೆಲ್ಲ ಉದುರುವ ಹಾಗೆ ಹಾಡು ಹಾಕಿಕೊಂಡು ಹೋದವು. ಎವರಿಸ್ತೊ ಕಿಟಕಿಯಿಂದ ಎರಡು ಬೆರಳು ಹೊರಗೆ ಚಾಚಿ ಬೀಸಿದ. ಹೆಂಡತಿಯನ್ನು ಕೂಗಿ, "ಏಯ್ ಸೊರಾಯ್ದಾ, ಬಂದು ನೋಡೇ, ನಿಮ್ಮೋರು ಸೋತ್ರು!" ಎಂದು ಕೆಣಕಿದ.

"ಆಯ್ತು," ಎಂದಳು ಒಳಗಿಂದ.

"ಆಯ್ತು ಅಂದ್ರೇನು? ಅಯ್ಯೋ, ನಿನ್ನ ಒಲಿಂಪಿಕ್ಸ್ ಬಾವುಟದ ಗತಿ ಏನು?"

"ನೀನು ಹೇಳಿದ ಹಾಗೇ ಆಗ್ಲಿ."

ವಾಷಿಂಗ್ಟನ್ನಿನಲ್ಲಿ ಯಾರೂ ನಿದ್ದೆಯಿಂದ ಏಳಲಿಲ್ಲ. ಮತ ಗೆದ್ದರೆ ಮಾತ್ರ ಸಾಲದು, ಸೇರಿಸಿಕೊಳ್ಳುವ ಮನಸ್ಸು ಅವರಿಗೆ ಬರಬೇಕು, ಅದು ಬರಲಿಲ್ಲ. ಇದನ್ನು ನಾನು ಎವರಿಸ್ತೊನಿಗೆ ಚುಚ್ಚಿ ಹೇಳಿದರೆ ಅವನು ಅಷ್ಟಾಗಿ ಕಿವಿಗೊಡಲಿಲ್ಲ. ಅವನ ಕಿವಿಯೆಲ್ಲ ಅಡುಗೆಮನೆಯ ಕಡೆ. ಹೆಂಡತಿ ಅವನಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡುತ್ತಿದ್ದಳು, ಮೈ ಒರೆಸುತ್ತಿದ್ದಳು, ಮಗ್ಗುಲು ತಿರುಗಿಸುತ್ತಿದ್ದಳು, ಒಂದು ಚೂರೂ ಕಡಿಮೆ ಮಾಡಲಿಲ್ಲ. ಜಗಳ ಮಾತ್ರ ನಿಲ್ಲಿಸಿಬಿಟ್ಟಿದ್ದಳು. ಅವನು ಏನಂದರೂ "ಆಯ್ತು". ಬೆಳಗಿನ ಕಾಫಿಯ ಹೊತ್ತಿಗೆ ಗೋಡೆಯಾಚೆಯಿಂದ ಏನೂ ಕೇಳಿಸದೆ ನನಗೇ ಒಂದು ಥರಾ ಆಗುತ್ತಿತ್ತು.

ಭಾನುವಾರಗಳಂದು ಅನ್ಸೆಲ್ಮೊ ಬರಲು ಶುರುಮಾಡಿದ. ಮೊದಲ ವಾರ ಮಂಚದ ಪಕ್ಕ ಕೂತು ಎವರಿಸ್ತೊನ ಜೊತೆ ಪಕ್ಷದ ಮಾತಾಡಿದ. ಆಮೇಲಾಮೇಲೆ ಸೊರಾಯ್ದಾ ಅವನನ್ನು ಅಡುಗೆಮನೆಯ ಮೇಜಿಗೇ ಕರೆದು ಕೂರಿಸಿದಳು. ನನ್ನನ್ನೂ ಕರೆಯುತ್ತಿದ್ದಳು, ಆದರೆ "ಪ್ರೋವಿ, ಸ್ವಲ್ಪ ಹೊತ್ತು ಎವರಿಸ್ತೊ ಹತ್ರ ಕೂತಿರು" ಎನ್ನುತ್ತಿದ್ದಳು. ಹೀಗಾಗಿ ಭಾನುವಾರ ಮಧ್ಯಾಹ್ನ ಊರಿನ ಇಬ್ಬರು ಹೊಟ್ಟೆಕಿಚ್ಚಿನವರು ಒಂದು ಕೋಣೆಯಲ್ಲಿ ಕೂತು ಪಕ್ಕದ ಕೋಣೆಯ ತಟ್ಟೆ ಚಮಚದ ಸದ್ದು ಕೇಳುತ್ತಿದ್ದೆವು. ನಾನೂ ಒಂದು ಡಬ್ಬಿ ಪಾಸ್ತೆಲೆ ಒಯ್ಯುತ್ತಿದ್ದೆ. ಅದು ಅನ್ಸೆಲ್ಮೊನ ಚೀಲಕ್ಕೆ ಹೋಗುತ್ತಿತ್ತು.

ಅಂಥ ಒಂದು ಭಾನುವಾರ ಅಡುಗೆಮನೆಯಲ್ಲಿ ದನಿ ಏರಿತು. ಎವರಿಸ್ತೊ ದಿಂಬಿನಿಂದ ತಲೆ ಎತ್ತಿದ.

"ಏನ್ ಮಾಡ್ತಿದಾರೆ ಅವರು? ನೋಡು ಹೋಗು."

ನಾನು ಬಾಗಿಲಿನ ತನಕ ಹೋಗಿ ನೋಡಿ ಬಂದೆ. "ಏನಿಲ್ಲ. ರಾಜ್ಯದ ಮಾತು. ಅವನು ಹೌದು ಅಂತಿದಾನೆ, ಇವಳು ಇಲ್ಲ ಅಂತಿದಾಳೆ."

"ಯಾವುದು ಹೇಳ್ತಿದಾಳೆ? ತೆರಿಗೇದಾ?"

"ಒಲಿಂಪಿಕ್ಸಿಂದು."

ಅಷ್ಟರಲ್ಲಿ ಅನ್ಸೆಲ್ಮೊ ಮೇಜು ಕುಟ್ಟಿದ ಸದ್ದು ಕೇಳಿಸಿತು, ಹಿಂದೆಯೇ ಸೊರಾಯ್ದಾಳ ನಗು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಆ ನಗು. ಎವರಿಸ್ತೊನ ಕಿವಿ ಮಾತ್ರವಲ್ಲ, ಕತ್ತಿನವರೆಗೂ ಕೆಂಪೇರಿತು. ಅವಳು ಇನ್ನೊಬ್ಬನ ಜೊತೆ ಕುಣಿದಾಗ, ಇನ್ನೊಬ್ಬನಿಗೆ ಬಡಿಸಿದಾಗ ಆಗದ ನೋವು ಈಗ ಆಗುತ್ತಿದೆ ಎಂದು ನನಗೆ ಅವನ ಮುಖದಲ್ಲೇ ಕಂಡಿತು. ಎರಡು ಬೆರಳಿನಿಂದ ಮಂಚದ ಪಟ್ಟಿ ಹಿಡಿದು ಕೂಗಿದ.

"ಸೊರಾಯ್ದಾ! ಇಲ್ಲಿ ಬಾರೇ! ಬಂದು ನನ್ನ ಹತ್ರ ಜಗಳ ಆಡು!"

ನಗು ನಿಂತಿತು. ಅವಳು ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತ ಅವನನ್ನು ನೋಡಿದಳು.

"ಯಾಕೆ ಮುದ್ಕಾ? ನಿನಗೆ ಬೇಕಾದ್ದು ಗೆದ್ದಿದೆಯಲ್ಲ," ಎಂದಳು. ಅವನ ಹೊದಿಕೆ ಸರಿಮಾಡಿ ಒಳಗೆ ಹೋದಳು.